ಯಂತ್ರದಲ್ಲಿ ಸಂಧಿಕಾರ್ಯ

ಸಂಧಿ ಎಂಬ ಮಾತನ್ನು ಕಂಡೊಡನೆ ನಿಮ್ಮಲ್ಲಿ ಕೆಲವರಿಗೆ ಹಳೆಯ ವ್ಯಾಕರಣದ ತರಗತಿಯ ನೆನಪಾಗಿ ಪುಟ ಮಗುಚುವ ಮನಸ್ಸಾಗಬಹುದು. ಸ್ವಲ್ಪ ತಾಳಿರಿ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವನಾದುದರಿಂದ ಆ ಮಾತು ನನ್ನ ಬಾಯಿಗೆ ಮೊದಲು ಬರುವುದು ಸಹಜ. ಆದರೆ ಈ ದಿನ ನಾನು ಹೇಳಹೊರಟಿರುವುದು ಅಕ್ಷರಗಳ ಸಂಧಿಯನ್ನಲ್ಲ. ಉಕ್ಕೂ ಎಣ್ಣೆಯೂ ಕೂಡುವ ಸಂಧಿಯನ್ನು. ನೆಲ ಅಗೆಯುವ ದೊಡ್ಡ ಯಂತ್ರದ ತೋಳಿಗೆ ಬೇರೆ ಬೇರೆ ಸಲಕರಣೆಗಳನ್ನು ಸೇರಿಸುವಾಗ, ಅವುಗಳ ಎಣ್ಣೆಯ ಕೊಳವೆಗಳನ್ನು ಬೇಗ ಕೂಡಿಸಲು, ಬೇಗ ಬಿಡಿಸಲು ಒಂದು ಜೋಡಣೆ ಉಂಟು. ಕೆಲಸಗಾರರು ಅದನ್ನು ಕ್ವಿಕ್ ಕಪ್ಲಿಂಗ್ ಎನ್ನುತ್ತಾರೆ. ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ವಸ್ತು. ಆದರೂ ಅದರ ಬಳಿ ತೋರುವ ಎಚ್ಚರಿಕೆಯ ಮೇಲೆ ಲಕ್ಷಗಟ್ಟಲೆ ಬೆಲೆಯ ಯಂತ್ರದ ಆಯುಸ್ಸೂ, ಅದಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಕೈಬೆರಳುಗಳೂ ನಿಂತಿವೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಮನೆ ಕಟ್ಟಿಸಲು ಪಾಯ ತೋಡಿಸುವವರು, ಹಳೆಯ ಗೋಡೆ ಕೆಡವಿಸುವವರು, ತೋಟದಲ್ಲಿ ಬಂಡೆ ಒಡೆಸುವವರು, ಎಲ್ಲರೂ ಈ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸುವವರೇ. ಕೈಗಡಿಯಾರ ನೋಡುತ್ತ ಪಕ್ಕದಲ್ಲಿ ನಿಲ್ಲುವವರೂ ನಾವೇ. ಆ ಗಡಿಯಾರಕ್ಕೂ ಈ ಸಂಧಿಗೂ ಇರುವ ನಂಟನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಯಂತ್ರದ ಪರಿಚಯ. ನಮ್ಮ ಜನ ಹೊಸ ವಸ್ತುವಿಗೆ ಹೆಸರಿಡುವುದರಲ್ಲಿ ಉದಾರಿಗಳು. ಗಾಲಿಯ ಮೇಲೆ ಓಡಾಡುತ್ತ ಮುಂದೆಯೂ ಹಿಂದೆಯೂ ಬಕೆಟ್ ಉಳ್ಳ ಯಂತ್ರ, ಅದನ್ನು ಯಾರೇ ತಯಾರಿಸಿರಲಿ, ನಮ್ಮವರ ಬಾಯಲ್ಲಿ ಜೆಸಿಬಿ. ಉಕ್ಕಿನ ಸರಪಳಿಯ ಪಟ್ಟಿಯ ಮೇಲೆ ತೆವಳುತ್ತ, ಕುಳಿತಲ್ಲೇ ಸುತ್ತ ತಿರುಗುವ ಯಂತ್ರ, ಅದೂ ಯಾರದ್ದೇ ಆಗಿರಲಿ, ಹಿಟಾಚಿ. ಜೆ.ಸಿ.ಬಿ. ಎಂಬುದು ೧೯೪೫ರಲ್ಲಿ ಇಂಗ್ಲೆಂಡಿನ ಅಟಾಕ್ಸಿಟರ್ ಎಂಬ ಊರಿನಲ್ಲಿ ಕಾರ್ಖಾನೆ ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಹಿಟಾಚಿ ಜಪಾನಿನ ಹೆಸರು. ಆ ಹೆಸರಿನ ಯಂತ್ರಗಳು ನಮ್ಮ ಧಾರವಾಡದಲ್ಲಿಯೂ ತಯಾರಾಗುತ್ತವೆ. ಬೆಂಗಳೂರಿನಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯೂ ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಇಂತಹ ಯಂತ್ರಗಳನ್ನು ಮಾಡುತ್ತದೆ. ಹೀಗೆ ಇದು ನಮಗೆ ಪರದೇಶದ ಪವಾಡವಾಗಿ ಉಳಿದಿಲ್ಲ. ನಮ್ಮ ಬೀದಿಯ ವಸ್ತುವೇ ಆಗಿದೆ.

ಒಂದೇ ಶಕ್ತಿಯಿಂದ ಹಲವು ಕೆಲಸ ಮಾಡಿಸುವ ಜಾಣ್ಮೆ ನಮ್ಮ ರೈತನಿಗೆ ಹೊಸತಲ್ಲ. ಅವನ ಹಟ್ಟಿಯಲ್ಲಿ ಇರುವುದು ಒಂದೇ ಜೋಡಿ ಎತ್ತು. ಉಳುವಾಗ ಆ ಜೋಡಿಗೆ ನೇಗಿಲು, ಹರಗುವಾಗ ಕುಂಟೆ, ಬಿತ್ತುವಾಗ ಕೂರಿಗೆ, ಸಂತೆಗೆ ಹೋಗುವಾಗ ಗಾಡಿ. ಎತ್ತು ಬದಲಾಗುವುದಿಲ್ಲ, ನೊಗದ ಹಿಂದಿನ ಸಲಕರಣೆ ಬದಲಾಗುತ್ತದೆ. ನೊಗಕ್ಕೂ ಸಲಕರಣೆಗೂ ನಡುವೆ ಇರುವುದು ಒಂದು ಹಗ್ಗದ ಬಿಗಿತ. ಆ ಕಟ್ಟು ಬಿಗಿಯಾಗಿಯೂ ಇರಬೇಕು, ಬೇಕೆಂದಾಗ ಬಿಚ್ಚಿಕೊಳ್ಳಲೂ ಬೇಕು. ಬಿಚ್ಚಲು ಬಾರದ ಗಂಟು ಕೆಲಸಕ್ಕೆ ಬಾರದು; ತಾನಾಗಿ ಬಿಚ್ಚಿಕೊಳ್ಳುವ ಗಂಟು ಅಪಾಯ. ಯಂತ್ರದ ಸಂಧಿಗೂ ಇದೇ ನಿಯಮ.

ಆದರೆ ಎತ್ತಿನ ವಿಷಯದಲ್ಲಿ ಇಲ್ಲದ ಒಂದು ತೊಡಕು ಯಂತ್ರದಲ್ಲಿ ಉಂಟು. ಮಣ್ಣು ತೋಡುವ ಬಕೆಟ್ ಮಾತ್ರ ಇದ್ದಾಗ ತೊಡಕೇನೂ ಇರಲಿಲ್ಲ. ಬಕೆಟ್ಟನ್ನು ಆಡಿಸುವ ಎಣ್ಣೆಯ ಸಿಲಿಂಡರು ಯಂತ್ರದ ತೋಳಿನಲ್ಲೇ ಇದೆ. ಬಕೆಟ್ ಕೇವಲ ಜಡವಾದ ಒಂದು ಕಬ್ಬಿಣದ ತೊಟ್ಟಿ. ಅದನ್ನು ಎರಡು ದಪ್ಪ ಪಿನ್ನುಗಳಿಂದ ತೋಳಿಗೆ ಸಿಕ್ಕಿಸಿದರೆ ಆಯಿತು. ಮುಂದೆ ಬಂಡೆ ಒಡೆಯುವ ಬ್ರೇಕರ್ ಬಂತು. ಜರ್ಮನಿಯ ಕ್ರುಪ್ ಸಂಸ್ಥೆ ೧೯೬೭ರಲ್ಲಿ ಎಣ್ಣೆಯ ಒತ್ತಡದಿಂದ ಬಡಿಯುವ ಬ್ರೇಕರನ್ನು ಮಾರುಕಟ್ಟೆಗೆ ತಂದಿತು. ಇದು ಜಡವಲ್ಲ. ಇದರ ಹೊಟ್ಟೆಯೊಳಗೇ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಉಂಟು. ಅದಕ್ಕೆ ಪ್ರತ್ಯೇಕವಾಗಿ ಎಣ್ಣೆ ಹೋಗಬೇಕು, ಕೆಲಸ ಮಾಡಿದ ಎಣ್ಣೆ ಹಿಂದಿರುಗಬೇಕು. ಕಂಬದ ಗುಂಡಿ ಕೊರೆಯುವ ಆಗರ್, ಮರದ ದಿಮ್ಮಿ ಹಿಡಿಯುವ ಇಕ್ಕುಳ, ಕಾಂಕ್ರೀಟಿನ ಕಂಬಿ ಕತ್ತರಿಸುವ ಕತ್ತರಿ, ಇವೆಲ್ಲಕ್ಕೂ ಇದೇ ಏರ್ಪಾಡು. ಆದ್ದರಿಂದ ಈಗ ತೋಳಿನ ತುದಿಯಲ್ಲಿ ಎರಡು ಬಗೆಯ ಸಂಧಿಗಳಾದವು. ಭಾರ ಹೊರುವ ಪಿನ್ನುಗಳದು ಒಂದು, ಎಣ್ಣೆ ಹರಿಯುವ ಕೊಳವೆಗಳದು ಇನ್ನೊಂದು. ನಮ್ಮ ದೇಹದ ಹೋಲಿಕೆಯಲ್ಲಿ ಹೇಳುವುದಾದರೆ ಒಂದು ಮೂಳೆಯ ಸಂಧಿ, ಇನ್ನೊಂದು ರಕ್ತನಾಳದ ಸಂಧಿ.

ಈ ರಕ್ತನಾಳದಲ್ಲಿ ಹರಿಯುವ ಎಣ್ಣೆಯ ಬಲವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತಿಳಿಸಿದನು. ಆ ತತ್ತ್ವವನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ ೧೭೯೫ರಲ್ಲಿ ನೀರಿನ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಅಗೆಯುವ ಯಂತ್ರದಲ್ಲಿ ನೀರಿನ ಬದಲು ಎಣ್ಣೆ, ಕೈಯ ಬದಲು ಎಂಜಿನ್ನು ತಿರುಗಿಸುವ ಪಂಪು. ಒತ್ತಡವನ್ನು ಅಳೆಯುವ ಮಾನ ಬಾರ್. ಒಂದು ಬಾರ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಭಾರ. ನಿಮ್ಮ ಅಡಿಗೆಮನೆಯ ಕುಕ್ಕರು ಸೀಟಿ ಹಾಕುವಾಗ ಅದರೊಳಗೆ, ಹೊರಗಿನ ಗಾಳಿಯ ಒತ್ತಡಕ್ಕಿಂತ, ಸುಮಾರು ಒಂದು ಬಾರ್ ಹೆಚ್ಚು ಇರುತ್ತದೆ. ಅಷ್ಟಕ್ಕೇ ನಾವು ಮುಚ್ಚಳ ತೆಗೆಯಲು ಹೆದರುತ್ತೇವೆ. ಬ್ರೇಕರಿಗೆ ಹೋಗುವ ಎಣ್ಣೆಯಲ್ಲಿ ಸಾಮಾನ್ಯವಾಗಿ ೧೦೦ರಿಂದ ೧೮೦ ಬಾರ್ ಒತ್ತಡ ಇರುತ್ತದೆ. ಇಪ್ಪತ್ತು ಟನ್ನಿನ ಯಂತ್ರದ ಮುಖ್ಯ ಕೊಳವೆಗಳಲ್ಲಿ ಅದು ೩೫೦ ಬಾರ್‌ವರೆಗೂ ಏರುತ್ತದೆ. ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಮೂರೂವರೆ ಕ್ವಿಂಟಾಲು ಭಾರ ಕುಳಿತಂತೆ!

ಇಂತಹ ಎಣ್ಣೆಯ ಕೊಳವೆಯನ್ನು ಹಿಂದೆ ಹೇಗೆ ಬಿಡಿಸುತ್ತಿದ್ದರು? ಪಾನ ಹಿಡಿದು ಮರೆ ತಿರುಗಿಸಿ ಬಿಚ್ಚಬೇಕು. ಬಿಚ್ಚಿದೊಡನೆ ಎರಡು ಬಾಯಿಗಳೂ ತೆರೆದು ಎಣ್ಣೆ ಸುರಿಯುತ್ತದೆ. ಒಂದು ಚಿಂದಿ ತುರುಕಬೇಕು, ಬೋಲ್ಟು ಬಿಗಿದು ಮುಚ್ಚಬೇಕು. ಮತ್ತೆ ಜೋಡಿಸುವಾಗ ಒಳಗೆ ಸೇರಿದ ಗಾಳಿಯನ್ನು ಹೊರಗೆ ಓಡಿಸಬೇಕು. ಒಂದು ಸಲಕರಣೆ ಬದಲಿಸುವಷ್ಟರಲ್ಲಿ ಹೊತ್ತು ಏರಿಬಿಡುತ್ತಿತ್ತು. ಈ ಕಷ್ಟವನ್ನು ನೀಗಿಸುವುದಕ್ಕಾಗಿಯೇ ಬೇಗ ಕೂಡುವ ಸಂಧಿ ಬಂದುದು.

ಅದರ ಕ್ರಮವನ್ನು ತಿಳಿಯಲು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ಅಡಿಗೆಮನೆಯ ಗ್ಯಾಸ್ ಸಿಲಿಂಡರನ್ನೇ ನೋಡಿರಿ. ಸಿಲಿಂಡರಿನ ಬಾಯಲ್ಲಿ ಒಂದು ಕವಾಟ ಉಂಟು. ಅದು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ರೆಗ್ಯುಲೇಟರಿನ ಕೊರಳಪಟ್ಟಿಯನ್ನು ಮೇಲಕ್ಕೆತ್ತಿ ಬಾಯಿಯ ಮೇಲೆ ಕೂರಿಸಿ ಬಿಟ್ಟರೆ ‘ಟಕ್’ ಎಂಬ ಸದ್ದಾಗಿ ಅದು ಬಿಗಿಯುತ್ತದೆ. ಗುಂಡಿ ತಿರುಗಿಸಿದಾಗ ಒಳಗಿನ ಕಡ್ಡಿ ಕವಾಟವನ್ನು ಒತ್ತಿ ದಾರಿ ಬಿಡಿಸುತ್ತದೆ. ತೆಗೆದೊಡನೆ ಕವಾಟ ಮತ್ತೆ ಮುಚ್ಚಿಕೊಳ್ಳುತ್ತದೆ. ಎಣ್ಣೆಯ ಕ್ವಿಕ್ ಕಪ್ಲಿಂಗ್ ಇದರ ಅಣ್ಣನಿದ್ದಂತೆ. ಇದರಲ್ಲಿ ಒಂದು ಗಂಡು ತುದಿ, ಒಂದು ಹೆಣ್ಣು ತುದಿ. ಎರಡರೊಳಗೂ ಸ್ಪ್ರಿಂಗಿನ ಒತ್ತಡದಿಂದ ಮುಚ್ಚಿಕೊಂಡಿರುವ ಕವಾಟಗಳಿವೆ. ಹೆಣ್ಣು ತುದಿಯ ಹೊರಗಿನ ಬಳೆಯನ್ನು ಹಿಂದಕ್ಕೆ ಎಳೆದು ಗಂಡು ತುದಿಯನ್ನು ಒಳಗೆ ತಳ್ಳಿದರೆ, ಗೋಲಿಯಂತಹ ಸಣ್ಣ ಉಕ್ಕಿನ ಗುಂಡುಗಳು ಅದರ ಸುತ್ತಲಿನ ಗಾಡಿಯಲ್ಲಿ ಕುಳಿತು ಹಿಡಿದುಕೊಳ್ಳುತ್ತವೆ. ಬಳೆ ಮುಂದೆ ಸರಿದು ಆ ಗುಂಡುಗಳು ಕದಲದಂತೆ ಕಾವಲು ನಿಲ್ಲುತ್ತದೆ. ಒಳಗೆ ಒಂದು ಕವಾಟ ಇನ್ನೊಂದನ್ನು ನೂಕಿ, ಎರಡೂ ಬಾಗಿಲು ತೆರೆದು ಎಣ್ಣೆಗೆ ದಾರಿಯಾಗುತ್ತದೆ. ಬೇರ್ಪಡಿಸಿದರೆ ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ. ಕೂಡಿದಾಗ ತೆರೆಯುವುದು, ಅಗಲಿದಾಗ ಬಾಯಿ ಮುಚ್ಚಿಕೊಳ್ಳುವುದು, ಇದೇ ಈ ಸಂಧಿಯ ಗುಣ. ಮನುಷ್ಯರಲ್ಲಿಯೂ ಈ ಗುಣ ಇದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದುವು!

ಇನ್ನು ವ್ಯಾಕರಣಕ್ಕೆ ಒಂದು ಗಳಿಗೆ ಬರೋಣ. ಕನ್ನಡದ ಸಂಧಿಗಳು ಮೂರು ಎಂದು ಎಲ್ಲರೂ ಕಲಿತಿದ್ದೀರಿ: ಲೋಪ, ಆಗಮ, ಆದೇಶ. ಊರು ಎಂಬುದರ ಮುಂದೆ ಅಲ್ಲಿ ಎಂಬುದು ಬಂದರೆ ಉಕಾರ ಲೋಪವಾಗಿ ಊರಲ್ಲಿ ಎಂದಾಗುತ್ತದೆ. ಮನೆ ಎಂಬುದರ ಮುಂದೆ ಅನ್ನು ಬಂದರೆ ನಡುವೆ ಯಕಾರ ಆಗಮವಾಗಿ ಮನೆಯನ್ನು ಎಂದಾಗುತ್ತದೆ. ಮಳೆ ಎಂಬುದರ ಮುಂದೆ ಕಾಲ ಬಂದರೆ ಕಕಾರದ ಸ್ಥಾನದಲ್ಲಿ ಗಕಾರ ಆದೇಶವಾಗಿ ಮಳೆಗಾಲ ಆಗುತ್ತದೆ. ಭಾಷೆಯಲ್ಲಿ ಈ ಮೂರೂ ಸೊಗಸು. ಯಂತ್ರದ ಸಂಧಿಯಲ್ಲಿ ಈ ಮೂರೂ ದೋಷ. ಅಲ್ಲಿ ಏನೂ ಲೋಪವಾಗಕೂಡದು, ಏನೂ ಆಗಮವಾಗಕೂಡದು, ಒಂದರ ಸ್ಥಾನಕ್ಕೆ ಇನ್ನೊಂದು ಬರಕೂಡದು. ಬೇಗ ಕೂಡುವ ಸಂಧಿಯ ವಿದ್ಯೆಯೆಲ್ಲ ಈ ಮೂರು ಬೇಡಗಳಲ್ಲಿ ಅಡಗಿದೆಯೆನ್ನಬಹುದು.

ಲೋಪವೆಂದರೆ ಎಣ್ಣೆಯ ನಷ್ಟ. ಹಳೆಯ ಮಾದರಿಯ ಜೋಡಣೆಗಳಲ್ಲಿ ಕವಾಟದ ತುದಿ ಮೊನಚಾಗಿ, ಅದರ ಸುತ್ತ ಬಟ್ಟಲಿನಂತಹ ಗುಳಿ ಇರುತ್ತಿತ್ತು. ಬಿಡಿಸುವಾಗಲೆಲ್ಲ ಆ ಗುಳಿಯಲ್ಲಿ ನಿಂತ ಎಣ್ಣೆ ನೆಲಕ್ಕೆ ಬೀಳುತ್ತಿತ್ತು. ದಿನಕ್ಕೆ ಹತ್ತು ಸಲ ಬಿಡಿಸಿದರೆ ಹತ್ತು ಸಲದ ನಷ್ಟ. ಚೆಲ್ಲಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಮಣ್ಣಿಗೆ, ಮಳೆ ಬಂದರೆ ಚರಂಡಿಗೆ, ಅಲ್ಲಿಂದ ಕೆರೆಗೆ. ಈಗಿನ ಒಳ್ಳೆಯ ಜೋಡಣೆಗಳಲ್ಲಿ ಎರಡು ತುದಿಗಳ ಮುಖವೂ ನಾಣ್ಯದಂತೆ ಚಪ್ಪಟೆ. ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಸೇರುವುದರಿಂದ ನಡುವೆ ಎಣ್ಣೆ ನಿಲ್ಲಲು ಎಡೆಯೇ ಇಲ್ಲ. ಬಿಡಿಸಿದಾಗ ಮೈಗೆ ಹತ್ತಿದ ತೆಳುವಾದ ಪೊರೆ ಮಾತ್ರ ಉಳಿಯುತ್ತದೆ. ಈ ಚಪ್ಪಟೆ ಮುಖದ ಜೋಡಣೆಗಳ ಅಳತೆಯನ್ನು ೧೯೯೯ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ೧೬೦೨೮ ಎಂಬ ಸಂಖ್ಯೆಯ ಮಾನಕದಲ್ಲಿ ಗೊತ್ತುಮಾಡಿತು.

ಆಗಮವೆಂದರೆ ಹೊರಗಿನದು ಒಳಗೆ ಬರುವುದು. ಮುಖ್ಯವಾಗಿ ಧೂಳು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ೭೦ ಭಾಗ. ಯಂತ್ರದ ಹೃದಯದಂತಿರುವ ವಾಲ್ವುಗಳಲ್ಲಿ ಸರಿಯುವ ಭಾಗಕ್ಕೂ ಅದರ ಗೂಡಿಗೂ ನಡುವೆ ಇರುವ ಎಡೆ ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ಮರಳಿನ ಕಣವೊಂದು ಅಲ್ಲಿಗೆ ಹೋದರೆ ಉಜ್ಜುಗಾಗದದಂತೆ ಕೆಲಸ ಮಾಡುತ್ತದೆ. ಕಲ್ಲು ಒಡೆಯುವ ಸ್ಥಳದಲ್ಲಿ ಧೂಳಿಗೆ ಬರವೇ? ನೆಲದ ಮೇಲೆ ಬಿದ್ದಿದ್ದ ಕೊಳವೆಯ ತುದಿಯನ್ನು ಒರಸದೆ ಸಿಕ್ಕಿಸಿದರೆ ಆ ಧೂಳನ್ನು ನಾವೇ ಕೈಯಾರೆ ಹೃದಯಕ್ಕೆ ಕಳುಹಿಸಿದಂತೆ. ಇದಕ್ಕೂ ಚಪ್ಪಟೆ ಮುಖವೇ ಮದ್ದು. ಒಂದು ಶುದ್ಧ ಬಟ್ಟೆಯಿಂದ ಒಂದು ಸಲ ಒರಸಿದರೆ ಸಾಕು, ಮೂಲೆಯಲ್ಲಿ ಅಡಗಲು ಧೂಳಿಗೆ ಜಾಗವಿಲ್ಲ. ಬಿಡಿಸಿಟ್ಟಾಗ ಮುಚ್ಚಲು ಪ್ರತಿ ತುದಿಗೂ ಒಂದು ಟೊಪ್ಪಿಗೆ ಇರುತ್ತದೆ. ಹೆಚ್ಚಿನ ಕಡೆ ಮೊದಲು ಕಳೆದುಹೋಗುವುದೂ ಆ ಟೊಪ್ಪಿಗೆಯೇ!

ಆದೇಶವೆಂದರೆ ಒಂದರ ಸ್ಥಾನದಲ್ಲಿ ಇನ್ನೊಂದು. ಹೋಗುವ ಕೊಳವೆಯನ್ನು ಬರುವ ಬಾಯಿಗೆ, ಬರುವ ಕೊಳವೆಯನ್ನು ಹೋಗುವ ಬಾಯಿಗೆ ಸಿಕ್ಕಿಸಿದರೆ ಆಗರ್ ಹಿಂದುಮುಂದಾಗಿ ತಿರುಗುತ್ತದೆ. ಬ್ರೇಕರ್ ಸರಿಯಾಗಿ ಬಡಿಯದೆ ಒಳಗಿನ ಸೀಲುಗಳು ಕೆಡುವುದೂ ಉಂಟು. ತಿಳಿದವರು ಇದಕ್ಕೆ ಒಂದು ಸುಲಭ ಉಪಾಯ ಮಾಡುತ್ತಾರೆ. ಯಂತ್ರದ ಕಡೆಯ ಎರಡು ಕೊಳವೆಗಳಲ್ಲಿ ಒಂದಕ್ಕೆ ಗಂಡು ತುದಿ, ಇನ್ನೊಂದಕ್ಕೆ ಹೆಣ್ಣು ತುದಿ ಹಾಕಿಬಿಡುತ್ತಾರೆ. ಆಗ ತಪ್ಪಿ ಜೋಡಿಸಲು ಹೋದರೂ ಜೋಡಿ ಕೂಡುವುದೇ ಇಲ್ಲ. ಇನ್ನೊಂದು ಬಗೆಯ ಆದೇಶ, ಒಂದು ಮಾದರಿಯ ತುದಿಗೆ ಇನ್ನೊಂದು ಮಾದರಿಯ ತುದಿಯನ್ನು ಬಲವಂತದಿಂದ ಒತ್ತುವುದು. ಹಳೆಯ ಮೊನಚು ಕವಾಟದ ಜೋಡಣೆಗಳಲ್ಲೇ ಎ ಸಾಲು, ಬಿ ಸಾಲು ಎಂದು ಎರಡು ಜಾತಿ, ಒಂದಕ್ಕೊಂದು ಕೂಡುವುದಿಲ್ಲ. ಬಂಡೆ ಬಡಿಯುವ ಬ್ರೇಕರಿನ ಏಟು ಕೊಳವೆಯ ಎಣ್ಣೆಯಲ್ಲಿಯೂ ಅಲೆಯಾಗಿ ಓಡುತ್ತದೆ. ಆ ಏಟಿಗೆ ಗುಂಡು ಹಿಡಿಯುವ ಜೋಡಣೆಯ ಗಾಡಿಯಲ್ಲಿ ತಗ್ಗು ಬೀಳುತ್ತದೆ. ಅಲ್ಲಿ ಕೈಯಿಂದ ತಿರುಗಿಸಿ ಬಿಗಿಯುವ ಮರೆಯ ಕಪ್ಲಿಂಗೇ ಹೆಚ್ಚು ಬಾಳಿಕೆಯದು. ಕೆಲಸ ನೋಡಿ ಸಂಧಿ ಆರಿಸಬೇಕು.

ಈ ಮೂರು ದೋಷಗಳ ಜೊತೆಗೆ ನಾಲ್ಕನೆಯದೊಂದು ಉಂಟು, ಅದು ಅರ್ಧಸಂಧಿ. ‘ಟಕ್’ ಎಂಬ ಸದ್ದು ಕೇಳುವ ಮೊದಲೇ ಕೈ ಬಿಟ್ಟರೆ ಹೊರಗಿನಿಂದ ಕೂಡಿದಂತೆ ಕಾಣುತ್ತದೆ, ಒಳಗೆ ಬಾಗಿಲು ಪೂರ್ತಿ ತೆರೆದಿರುವುದಿಲ್ಲ. ಎಣ್ಣೆ ಹೋಗುವ ಕಡೆ ಹೀಗಾದರೆ ಕೆಲಸ ನಿಧಾನವಾಗುತ್ತದೆ, ಎಣ್ಣೆ ಇಕ್ಕಟ್ಟಿನಲ್ಲಿ ನುಗ್ಗಿ ಕಾಯುತ್ತದೆ. ಹಿಂದಿರುಗುವ ಕಡೆ ಹೀಗಾದರೆ ಇನ್ನೂ ಕೆಡುಕು. ಬಂದ ಎಣ್ಣೆಗೆ ಹೊರಹೋಗುವ ದಾರಿ ಇಲ್ಲ. ಒತ್ತಡವೆಲ್ಲ ಸಲಕರಣೆಯ ಹೊಟ್ಟೆಯಲ್ಲಿ ನಿಂತು ಸೀಲುಗಳನ್ನು ಒಡೆದು ಹೊರಬರುತ್ತದೆ. ಕೂಡದೆ ಇರುವುದಕ್ಕಿಂತ ಅರೆಬರೆ ಕೂಡುವುದು ಹೆಚ್ಚು ಅಪಾಯಕರ ಎಂಬ ಲೋಕದ ಮಾತು ಇಲ್ಲಿಯೂ ಸತ್ಯವೇ. ಆದ್ದರಿಂದ ಕೂಡಿಸಿದ ಮೇಲೆ ಬಳೆ ಮುಂದೆ ಬಂದಿದೆಯೆ ನೋಡಬೇಕು. ಬಳೆಯನ್ನು ಸ್ವಲ್ಪ ತಿರುಗಿಸಿ ಬೀಗದಂತೆ ನಿಲ್ಲಿಸುವ ಏರ್ಪಾಡಿದ್ದರೆ ತಿರುಗಿಸಬೇಕು. ಅನಂತರ ಕೊಳವೆಯನ್ನು ಕೈಯಿಂದ ಒಮ್ಮೆ ಎಳೆದು ನೋಡಬೇಕು. ಇದಕ್ಕೆ ಹಿಡಿಯುವ ಹೊತ್ತು ಅರ್ಧ ನಿಮಿಷ.

ಈಗ ಪ್ರಾಣದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನ ಕೆರೆಯ ಏರಿಯ ಬಳಿ ರಸ್ತೆ ಅಗಲಮಾಡುತ್ತಿದ್ದಾಗ ಅಲ್ಲಿ ಯಂತ್ರ ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ವ್ಯಾಕರಣದಲ್ಲಿ ಅಷ್ಟಕ್ಕಷ್ಟೆ, ಕೈಕೆಲಸದಲ್ಲಿ ಬಲು ಚುರುಕು. ಬೆಳಗಿನಿಂದ ಬಿಸಿಲಿನಲ್ಲಿ ಬಿದ್ದಿದ್ದ ಬ್ರೇಕರಿನ ಕೊಳವೆ ಆ ದಿನ ಎಷ್ಟು ಒತ್ತಿದರೂ ಕೂಡಲೊಲ್ಲದು. ಏಕೆಂದು ಕೇಳಿದೆ. “ಸಾರ್, ಬಿಸಿಲಿಗೆ ಒಳಗಿನ ಎಣ್ಣೆ ಉಬ್ಬಿಕೊಂಡಿದೆ. ಎರಡು ಕಡೆಯೂ ಬಾಯಿ ಮುಚ್ಚಿದೆ, ಎಲ್ಲಿಗೆ ಹೋಗ್ಬೇಕು ಅದು? ಅದಕ್ಕೇ ಒಳಗಿಂದ ತಳ್ತಾ ಇದೆ” ಎಂದ. ಪಾಸ್ಕಲನನ್ನು ಓದದಿದ್ದರೂ ಪಾಸ್ಕಲನ ತತ್ತ್ವವನ್ನು ಬಲ್ಲವನು! ಅಷ್ಟರಲ್ಲಿ ಅವನ ಸಹಾಯಕ ಹುಡುಗ ಸುತ್ತಿಗೆ ತಂದು ಕವಾಟದ ತುದಿಯನ್ನು ಕುಟ್ಟಿ ಎಣ್ಣೆ ಬಿಡಿಸಲು ಹೊರಟ. ಇವನು ಅವನ ಕೈ ಹಿಡಿದು, “ಬೇಡ ಕಣೋ, ಅದು ಎಣ್ಣೆ ಅಲ್ಲ, ಬಾಣ” ಎಂದು ತಡೆದ. ಒಂದು ಗೋಣಿತಾಟನ್ನು ನೀರಿನಲ್ಲಿ ಅದ್ದಿ ಕೊಳವೆಯ ಮೇಲೆ ಹೊದಿಸಿ, ಹೊಂಗೆಯ ನೆರಳಿನಲ್ಲಿ ಕುಳಿತ. ಕೆಲಸ ಹಿಡಿದಿದ್ದ ಕಂಟ್ರಾಕ್ಟರು ಗಡಿಯಾರ ನೋಡಿ ಗೊಣಗಿದರು. ಎಣ್ಣೆ ತಣಿದ ಮೇಲೆ ಜೋಡಣೆ ಹೂವಿನಂತೆ ಕೂಡಿತು.

ಬಾಣ ಎಂದು ಅವನು ಹೇಳಿದುದು ಅಲಂಕಾರವಲ್ಲ. ಅಧಿಕ ಒತ್ತಡದ ಎಣ್ಣೆ ಸೂಜಿಯ ಮೊನೆಯಷ್ಟು ರಂಧ್ರದಿಂದ ಹೊರಬಂದರೆ ಅದು ಚರ್ಮವನ್ನು ಭೇದಿಸಿ ಒಳಗೆ ನುಗ್ಗಬಲ್ಲದು. ಏಳು ಬಾರ್‌ನಷ್ಟು ಒತ್ತಡವೇ ಅದಕ್ಕೆ ಸಾಕೆಂದು ತಜ್ಞರು ಎಚ್ಚರಿಸುತ್ತಾರೆ. ಹೊರಗೆ ಕಾಣುವುದು ಇರುವೆ ಕಚ್ಚಿದಂತಹ ಒಂದು ಚುಕ್ಕೆ ಮಾತ್ರ. ಮೊದಲು ನೋವು ಕಡಮೆಯಾಗಿರುವುದರಿಂದ ಗಾಯಗೊಂಡವನು ಕೈ ಒರಸಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಾನೆ. ಆದರೆ ಒಳಗೆ ಎಣ್ಣೆ ಬೆರಳಿನ ಉದ್ದಕ್ಕೂ, ಕೆಲವೊಮ್ಮೆ ಅಂಗೈಯವರೆಗೂ ಹರಡಿ ಮಾಂಸವನ್ನು ಕೊಲ್ಲತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಊತ, ತಡೆಯಲಾರದ ನೋವು. ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ಇದಕ್ಕೆ ಅರಿಶಿನವೂ ಮುಲಾಮೂ ಮದ್ದಲ್ಲ. ಆ ಕ್ಷಣವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಚುಚ್ಚಿದ ಗಾಯ ಎಂದಷ್ಟೇ ಹೇಳದೆ, ಅಧಿಕ ಒತ್ತಡದ ಎಣ್ಣೆ ಚರ್ಮದೊಳಕ್ಕೆ ಹೋಗಿದೆಯೆಂದು ಬಿಡಿಸಿ ಹೇಳಬೇಕು. ನಿಮ್ಮ ಮನೆಯಲ್ಲಿ ಯಂತ್ರದ ಕೆಲಸ ಮಾಡುವವರಿದ್ದರೆ ಈ ಒಂದು ಮಾತನ್ನು ಅವರಿಗೆ ಮರೆಯದೆ ಹೇಳಿರಿ. ಸೋರುವ ಜಾಗವನ್ನು ಎಂದೂ ಬೆರಳಿನಿಂದ ತಡವಿ ಹುಡುಕಬಾರದು; ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಬೇಕು. ಜೋಡಣೆ ಬಿಡಿಸುವ ಮೊದಲು ಸಲಕರಣೆಯನ್ನು ನೆಲದ ಮೇಲೆ ಭದ್ರವಾಗಿ ಇಳಿಸಿ, ಎಂಜಿನ್ ನಿಲ್ಲಿಸಿ, ಯಂತ್ರದ ಕೈಪಿಡಿಯಲ್ಲಿ ಹೇಳಿದ ಕ್ರಮದಂತೆ ಕೊಳವೆಯೊಳಗಿನ ಒತ್ತಡವನ್ನು ಬಿಡಿಸಬೇಕು.

ರಕ್ತನಾಳದ ಸಂಧಿಯಂತೆಯೇ ಮೂಳೆಯ ಸಂಧಿಯೂ ಎಚ್ಚರಿಕೆ ಬೇಡುತ್ತದೆ. ಪಿನ್ನುಗಳನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವ ಬದಲು, ಕೊಕ್ಕೆಯಂತೆ ಹಿಡಿಯುವ ಕ್ವಿಕ್ ಹಿಚ್ ಎಂಬ ಸಾಧನ ಈಗ ಹಲವು ಯಂತ್ರಗಳಲ್ಲಿದೆ. ಅದರ ಬೀಗ ಸರಿಯಾಗಿ ಬೀಳದಿದ್ದರೆ ಮೇಲೆತ್ತಿದ ಬಕೆಟ್ ಕಳಚಿ ಕೆಳಗಿದ್ದವರ ಮೇಲೆ ಬೀಳುತ್ತದೆ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಹೀಗೆ ಜೀವಗಳು ಹೋಗಿವೆ. ಕೈಯಿಂದ ಹಾಕಬೇಕಾದ ರಕ್ಷಣೆಯ ಪಿನ್ನನ್ನು ಅವಸರದಲ್ಲಿ ಹಾಕದೆ ಬಿಟ್ಟುದೇ ಹಲವು ಸಲ ಕಾರಣ. ಇಂತಹ ಕೊಕ್ಕೆಗಳ ಸುರಕ್ಷತೆಗಾಗಿಯೇ ೨೦೧೬ರಲ್ಲಿ ೧೩೦೩೧ ಎಂಬ ಅಂತರರಾಷ್ಟ್ರೀಯ ಮಾನಕ ಹೊರಬಂದಿತು. ಬಕೆಟ್ ಬದಲಿಸಿದ ಮೇಲೆ ಬೀಗವನ್ನು ಕಣ್ಣಾರೆ ನೋಡಿ, ಬಕೆಟ್ಟನ್ನು ನೆಲಕ್ಕೆ ಒತ್ತಿ ಎಳೆದು ಪರೀಕ್ಷಿಸಿದ ಮೇಲೆಯೇ ಮೇಲಕ್ಕೆತ್ತಬೇಕು.

ಎರಡು ಭಾರಗಳ ನಡುವೆ ನಿಂತು ಸಂಧಿ ಮಾಡುವ ಮನುಷ್ಯನ ಕಷ್ಟ ಇಂದಿನದಲ್ಲ. ಅಮೆರಿಕದ ರೈಲುಗಳಲ್ಲಿ ಒಂದು ಕಾಲಕ್ಕೆ ಎರಡು ಬಂಡಿಗಳ ನಡುವೆ ಕೆಲಸಗಾರ ನಿಂತು, ಅವು ಹತ್ತಿರ ಬಂದಾಗ ಕೊಂಡಿಗೆ ಪಿನ್ನು ಹಾಕಬೇಕಾಗಿತ್ತು. ಅಲ್ಲಿ ಬೆರಳು ಕಳೆದುಕೊಳ್ಳುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಕೈಯಲ್ಲಿ ಬೆರಳು ಕಡಮೆಯಿದ್ದವನನ್ನು ಅನುಭವಸ್ಥನೆಂದು ಗುರುತಿಸುತ್ತಿದ್ದರು! ಈಲೈ ಜಾನಿ ಎಂಬಾತ ೧೮೭೩ರಲ್ಲಿಯೇ ತಾನಾಗಿ ಕೂಡುವ ಕೊಂಡಿಗೆ ಹಕ್ಕುಪತ್ರ ಪಡೆದಿದ್ದನು. ಆದರೆ ಅಂತಹ ಕೊಂಡಿ ಕಡ್ಡಾಯವೆಂಬ ಶಾಸನವಾದುದು ೧೮೯೩ರಲ್ಲಿ, ಇಪ್ಪತ್ತು ವರ್ಷಗಳ ಅನಂತರ. ಉಪಾಯ ಇದ್ದೂ ಅದನ್ನು ಬಳಸಲು ತಡಮಾಡಿದ ಆ ವರ್ಷಗಳಲ್ಲಿ ಎಷ್ಟು ಕೈಗಳು ಹೋದುವೋ!

ಈಗ ಸ್ವೀಡನ್ ದೇಶದವರು ಅಗೆಯುವ ಯಂತ್ರಕ್ಕೂ ಅಂತಹ ತಾನಾಗಿ ಕೂಡುವ ಸಂಧಿಯನ್ನು ಬಳಕೆಗೆ ತಂದಿದ್ದಾರೆ. ಅಲ್ಲಿನ ಯಂತ್ರಗಳಲ್ಲಿ ಬಕೆಟ್ಟನ್ನು ನಮ್ಮ ಮಣಿಕಟ್ಟಿನಂತೆ ವಾಲಿಸುವ, ಸುತ್ತಿಸುವ ಟಿಲ್ಟ್‌ರೊಟೇಟರ್ ಎಂಬ ಸಾಧನ ವಾಡಿಕೆಯದು. ೧೯೯೦ರಲ್ಲಿ ಸ್ಟ್ರೋಮ್‌ಸುಂಡ್ ಎಂಬ ಸಣ್ಣ ಊರಿನಲ್ಲಿ ಆರಂಭವಾದ ಎಂಗ್‌ಕಾನ್ ಸಂಸ್ಥೆ ಇದಕ್ಕೆ ಹೆಸರಾಯಿತು. ಹುಡಿಕ್ಸ್‌ವಾಲ್ ಊರಿನ ಆಯಿಲ್‌ಕ್ವಿಕ್ ಎಂಬ ಸಂಸ್ಥೆ ಪಿನ್ನಿನ ಕೊಕ್ಕೆಯೊಳಗೇ ಎಣ್ಣೆಯ ಬಾಯಿಗಳನ್ನೂ ಕೂಡಿಸಿತು. ಚಾಲಕ ಕುಳಿತಲ್ಲಿಂದಲೇ ಸಲಕರಣೆಯನ್ನು ಹಿಡಿದರೆ ಮೂಳೆಯೂ ರಕ್ತನಾಳವೂ ಒಟ್ಟಿಗೆ ಕೂಡುತ್ತವೆ. ಅವನು ಕೆಳಗೆ ಇಳಿಯಬೇಕಾಗಿಲ್ಲ, ಎರಡು ಭಾರಗಳ ನಡುವೆ ಕೈಯಿಡಬೇಕಾಗಿಲ್ಲ. ಇದರ ಬೆಲೆ ಹೆಚ್ಚು. ನಮ್ಮಲ್ಲಿ ಕೂಲಿಯ ಕೈ ಅಗ್ಗವೆಂಬ ಲೆಕ್ಕ ಇರುವವರೆಗೆ ಅದು ದುಬಾರಿಯಾಗಿಯೇ ಕಾಣುತ್ತದೆ. ಕೈ ನಿಜವಾಗಿಯೂ ಅಗ್ಗವೆ ಎಂಬುದನ್ನು ಆ ಕೈಯನ್ನು ನಂಬಿದ ಮನೆಯವರನ್ನು ಕೇಳಬೇಕು.

ಈಗ ಗಡಿಯಾರದ ಮಾತು. ಯಂತ್ರ ನಿಮ್ಮ ನಿವೇಶನಕ್ಕೆ ಬಂದಾಗ ಬಾಡಿಗೆ ಗಂಟೆಯ ಲೆಕ್ಕ. ಬಕೆಟ್ ತೆಗೆದು ಬ್ರೇಕರ್ ಹಾಕುವ ಹೊತ್ತಿನಲ್ಲಿ ಮಣ್ಣೂ ತೋಡುವುದಿಲ್ಲ, ಬಂಡೆಯೂ ಒಡೆಯುವುದಿಲ್ಲ. ನಾವು ನಿಂತಲ್ಲಿಂದಲೇ ಬೇಗ, ಬೇಗ ಎನ್ನುತ್ತೇವೆ. ಚಾಲಕ ನಮ್ಮ ಮುಖ ನೋಡುತ್ತಾನೆ. ಯಜಮಾನನ ಲೆಕ್ಕವೂ ಅವನ ತಲೆಯಲ್ಲಿದೆ. ಒರಸುವ ಬಟ್ಟೆ ಜೇಬಿನಲ್ಲೇ ಉಳಿಯುತ್ತದೆ, ರಕ್ಷಣೆಯ ಪಿನ್ನು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಒತ್ತಡ ಬಿಡಿಸದೆ ಸುತ್ತಿಗೆ ಕೈಗೆ ಬರುತ್ತದೆ. ಬೇಗ ಕೂಡುವ ಸಂಧಿಯನ್ನು ಮಾಡಿದುದು ಒಂದು ಗಂಟೆಯ ಕೆಲಸವನ್ನು ಕೆಲವು ನಿಮಿಷಕ್ಕೆ ಇಳಿಸಲು. ಆ ಕೆಲವು ನಿಮಿಷಗಳನ್ನೂ ನಾವು ಕಿತ್ತುಕೊಂಡರೆ ಸಂಧಿಯ ಪ್ರಯೋಜನವನ್ನೇ ಕೆಡಿಸಿದಂತೆ. ಬೇಗ ಕೂಡುವುದು ಬೇರೆ, ಅವಸರದಿಂದ ಕೂಡಿಸುವುದು ಬೇರೆ.

ಆದ್ದರಿಂದ ಮುಂದಿನ ಸಲ ನೀವು ಯಂತ್ರ ಕರೆಸಿದಾಗ ಒಂದೆರಡು ಕೆಲಸ ಮಾಡಿರಿ. ಮಕ್ಕಳನ್ನೂ ನೋಡುವ ಕುತೂಹಲದಿಂದ ಹತ್ತಿರ ಬಂದವರನ್ನೂ ತೋಳಿನ ಕೆಳಗೆ ನಿಲ್ಲಲು ಬಿಡಬೇಡಿ. ಸಲಕರಣೆ ಬದಲಿಸುವಾಗ ಆ ಚಾಲಕನಿಗೆ, “ನಿಧಾನವಾಗಿ ಮಾಡಪ್ಪ, ಈ ಹೊತ್ತೂ ನನ್ನ ಲೆಕ್ಕದಲ್ಲೇ ಇರಲಿ” ಎಂದು ಹೇಳಿರಿ. ಸಾಧ್ಯವಾದರೆ ಕೈ ಒರಸಲು ಅಲ್ಲ, ಕೊಳವೆಯ ಬಾಯಿ ಒರಸಲು, ಮನೆಯಿಂದ ಒಂದು ಶುಭ್ರವಾದ ಬಟ್ಟೆಯನ್ನು ಕೊಡಿರಿ. ನಿಮಗೆ ತಗಲುವ ವೆಚ್ಚ ಹತ್ತು ನಿಮಿಷದ ಬಾಡಿಗೆ. ಸಂಜೆ ಅವನು ಹತ್ತು ಬೆರಳುಗಳೊಡನೆ ಮನೆಗೆ ಹೋದರೆ ಆ ಲೆಕ್ಕ ಸರಿಹೋಯಿತು.